ಸೋಸಿದ ನೀರು ಕುಡಿಯುವ ಮೋಟಾರು

ಹೆಣ್ಣು ಮಗು! ಬೆಳಗಾವಿಯ ದವಾಖಾನೆಯಲ್ಲಿ ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತು. ತಾಯಿ, ಕೂಸು ಇಬ್ಬರೂ ಸುಖ. ಬಾಗಿಲು ಹಾಕಿದ್ದರೂ ಕೂಸಿನ ಅಳು ಹೊರಗೆ ಕಟ್ಟೆಯ ಮೇಲೆ ಕೂತ ನನಗೆ ಕೇಳಿಸಿತು. ಅತ್ತರೆ ನಗು ಬರುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ಅಜ್ಜಿಯಾದೆ ನಾನು. ಇನ್ನೊಂದು ಸಲ ಬರೆಯುತ್ತೇನೆ, ಯಾರೂ ಬೇಡ ಅನ್ನಬೇಡಿ: ನಾನು ಅಜ್ಜಿಯಾದೆ.

ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ತೊಟ್ಟಿಲಲ್ಲಿ ಮಲಗಿದೆ, ಮೂಗು ನಮ್ಮ ಯಜಮಾನರದು, ಹಟ ನನ್ನದು. ನಾನು ಸಾಲೆಯಲ್ಲಿ ಎರಡನೆಯ ಇಯತ್ತೆ ಮುಗಿಯುವುದರೊಳಗೆ ಮದುವೆಯಾಗಿ ಬಂದವಳು. ನನ್ನ ಅಕ್ಷರ ದಪ್ಪ, ಸಾಲು ಸೊಟ್ಟ. ಆದರೂ ಬರೆಯದೆ ಇರಲಾರೆ. ಈ ಕೂಸು ಬೆಳಗಾವಿ ಮುಟ್ಟಲಿ ಎಂದು ನಾವು ಒಂದು ಹಳೆಯ ಮೋಟಾರು ತೆಗೆದುಕೊಂಡೆವು. ಅದನ್ನು ನಂಬಬೇಕೋ ಬಿಡಬೇಕೋ ಎಂದು ಪಟ್ಟ ಸಂಕಟ ದೊಡ್ಡದು. ಸಂತೋಷದ ಹೊಟ್ಟೆಯೊಳಗೆ ಅದು ಇನ್ನೂ ಕೂತಿದೆ, ಹೇಳಿಬಿಟ್ಟರೆ ಹಗುರಾದೀತು.

ನಮ್ಮ ಮನೆ ಖಾನಾಪುರದಲ್ಲಿ. ಯಜಮಾನರದು ಅಕ್ಕಿ ವ್ಯಾಪಾರ. ಮಗಳನ್ನು ಬೀಡಿ ಎಂಬ ಊರಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದಾಗ, ಬೇನೆ ಎದ್ದ ಮೇಲೆ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಕೈ ತೆಗೆದುಬಿಟ್ಟಳು. ಕೂಸು ಅಡ್ಡ ತಿರುಗಿದೆ, ಬೆಳಗಾವಿಯ ಡಾಕ್ಟರಬಾಯಿಯ ಹತ್ತಿರ ಒಯ್ಯಿರಿ ಅಂದಳು. ಸ್ಟೇಶನ್ನಿಗೆ ಒಯ್ದೆವು. ಮುಂಜಾನೆಯ ರೈಲು ಹೋಗಿತ್ತು. ಮುಂದಿನದಕ್ಕೆ ಕಾಯುತ್ತ ಅವಳು ಪ್ಲಾಟಫಾರ್ಮಿನ ಮೇಲೆ ಕಂಬಳಿ ಹಾಸಿಕೊಂಡು ಮಲಗಿದ್ದಳು. "ಗುಂಜಿ ಸ್ಟೇಶನ್ ಬಿಟ್ಟೈತಂತ, ಇನ್ನೇನು ಬಂತು" ಎಂದು ಒಬ್ಬರು, "ಬಂತು ಬಂತು, ಹೊಗಿ ಕಾಣಸ್ತೈತಿ" ಎಂದು ಇನ್ನೊಬ್ಬರು. ನಾನೂ ಅದನ್ನೇ ಅಂದೆ. ರೈಲು ಆಗ ಗುಂಜಿಗಿಂತಲೂ ಹಿಂದಿನ ಲೋಂಡಾ ಸ್ಟೇಶನ್ನಿನಲ್ಲೇ ನಿಂತಿತ್ತು ಎಂದು ಆಮೇಲೆ ತಿಳಿಯಿತು. ಬೆಳಗಾವಿ ಮುಟ್ಟಿದಾಗ ಮಗಳು ಉಳಿದಳು. ಗಂಡು ಕೂಸು ಅಳಲಿಲ್ಲ.

ಮುಂದಿನ ಸಲ ಬೇನೆ ಸುರುವಾದ ಕೂಡಲೇ ಕರೆತನ್ನಿರಿ, ಒಂದು ಗಳಿಗೆಯೂ ತಡ ಮಾಡಬೇಡಿರಿ ಎಂದು ಡಾಕ್ಟರಬಾಯಿ ಹೇಳಿ ಕಳಿಸಿದ್ದರು. ಆ ಮುಂದಿನ ಸಲ ಬಂತು. ಬೆಳಗಾವಿಯ ಪೇಟೆಯಲ್ಲೇ ಒಂದು ಮನೆ ಹಿಡಿದು ಮಗಳನ್ನು ಇಟ್ಟುಕೊಳ್ಳೋಣ ಅಂದುಕೊಂಡಿದ್ದೆವು. ಅಷ್ಟರಲ್ಲಿ ಪೇಟೆಯಲ್ಲಿ ಇಲಿ ಬೀಳತೊಡಗಿದವು. ಪ್ಲೇಗು ಬಂದ ಓಣಿಗೆ ಬಸುರಿಯನ್ನು ಯಾರು ಕಳಿಸುತ್ತಾರೆ? ದವಾಖಾನೆ ಊರ ಹೊರಗೆ, ಅಲ್ಲಿ ಭಯವಿರಲಿಲ್ಲ. ಆದರೆ ಬೇನೆ ಎದ್ದವರನ್ನು ಮಾತ್ರ ಒಳಗೆ ಸೇರಿಸುತ್ತಿದ್ದರು. ಬಾಡಿಗೆ ಮೋಟಾರು ಖಾನಾಪುರದಲ್ಲಿ ಇರಲಿಲ್ಲ.

"ಅಪ್ಪಾ, ನಾವ ಒಂದು ಮೋಟಾರು ತಗೊಳ್ಳೂಣು" ಅಂದ ನನ್ನ ಮಗ. "ಅಕ್ಕನ ಹೆರಿಗಿಗೂ ಆಗತೈತಿ, ಆಮ್ಯಾಲ ಬಾಡಿಗಿಗೂ ಹಚ್ಚಬಹುದು."

"ಮೋಟಾರು ಅಂದ್ರ ಬಾಳಿಹಣ್ಣೇನೋ, ಬಾಜಾರಕ್ಕ ಹೋಗಿ ತರಾಕ?"

"ಹಳೇದು ಸಿಗತಾವ ಅಪ್ಪಾ. ಬೆಳಗಾವಿ ಕ್ಯಾಂಪಿನ್ಯಾಗ ಹಳೇ ಮೋಟಾರು ಮಾರಾಂವ ಒಬ್ಬ ಅದಾನ."

ಹೀಗೆ ಒಂದು ಮುಂಜಾನೆ ಆ ಮಾರುವವನು ಮೋಟಾರು ತೋರಿಸಲು ನಮ್ಮ ಅಂಗಳಕ್ಕೇ ಬಂದ. ಜೊತೆಗೆ ಅವನ ಡ್ರೈವರ್. ಮಹಾಯುದ್ಧದಲ್ಲಿ ಬಸ್ರಾದ ಕಡೆ ಲಾರಿ ಹೊಡೆದು ಬಂದವನಂತೆ, ನಡುವಯಸ್ಸಿನ ಮರಾಠಾ ಮನುಷ್ಯ, ತಲೆಗೆ ಬಿಳಿ ಪಟಕಾ. ಮೋಟಾರು ಕರ್ರಗೆ ಮಿರಿಮಿರಿ ಮಿಂಚುತ್ತಿತ್ತು. ಹಿತ್ತಾಳೆಯ ದೀಪಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮಗ ಭೋಂಗಾ ಒತ್ತಿ ಒತ್ತಿ ಓಣಿಯ ನಾಯಿಗಳನ್ನೆಲ್ಲ ಕೂಡಿಸಿದ.

"ಗೋರಾ ಸಾಹೇಬರ ಗಾಡಿರಿ ಇದು" ಅಂದ ಮಾರುವವನು. "ಕ್ಯಾಂಪಿನಿಂದ ಚರ್ಚಿಗೆ, ಚರ್ಚಿನಿಂದ ಕ್ಯಾಂಪಿಗೆ. ಇಷ್ಟ ಓಡೈತಿ. ಹೆಂಗಸರ ಕೈಯಾಗಿನ ಬಳಿ ಇದ್ದಂಗ ಐತಿ."

ಯಜಮಾನರು ಸುತ್ತ ತಿರುಗಿದರು. ಬೆರಳಿನಿಂದ ಬಡಿದರು, ಗಾಲಿಗೆ ಕಾಲಿನಿಂದ ಒದ್ದರು, ಗಾದಿಯ ವಾಸನೆ ನೋಡಿದರು. ಅಂಗಡಿಯಲ್ಲಿ ಅವರು ಚೀಲದ ಮೇಲಿನ ಅಕ್ಕಿಯನ್ನು ಕಣ್ಣೆತ್ತಿ ಸಹ ನೋಡುವವರಲ್ಲ. ಕೊಳವೆ ಚುಚ್ಚಿ ಚೀಲದ ನಡುವಿನ ಅಕ್ಕಿ ಹೊರಗೆ ತೆಗೆದು, ಅಂಗೈಯಲ್ಲಿ ತಿಕ್ಕಿ ನೋಡುತ್ತಾರೆ. ಇಲ್ಲಿ ನೋಡಿದರೆ ಬಣ್ಣದ ಮೇಲೆ ಕೈಯಾಡಿಸುತ್ತಿದ್ದಾರೆ. ನಾನು ಬಾಗಿಲ ಮರೆಯಿಂದಲೇ ಕೇಳಿದೆ.

"ಏನ್ರೀ, ಚೀಲದ ನಡುವಿನ ಅಕ್ಕಿ ನೋಡಿದ್ರೇನು?"

"ಇದಕ್ಕೆಲ್ಲಿ ಕೊಳವಿ ಚುಚ್ಚಲೇ? ಕಬ್ಬಿಣ ಐತಿ ಇದು!"

ಎಲ್ಲರೂ ನಕ್ಕರು. ಡ್ರೈವರ್ ಮಾತ್ರ ನಗದೆ ಮೋಟಾರಿನ ಮುಂಭಾಗವನ್ನು ಒರೆಸುತ್ತ ನಿಂತಿದ್ದ.

ಗಂಡಸರು ಅದರಲ್ಲಿ ಕೂತು ಮಲಪ್ರಭೆಯ ದಂಡೆಯ ತನಕ ಹೋಗಿ ಬಂದರು. ಎಲ್ಲೂ ನಿಲ್ಲಲಿಲ್ಲ, ಕೆಮ್ಮಲಿಲ್ಲ. ಯಜಮಾನರು ಇಳಿಯುವಾಗಲೇ ಅವರ ಮನಸ್ಸು ಅರ್ಧ ಒಪ್ಪಿದ್ದು ಕಾಣುತ್ತಿತ್ತು. ಮಾರುವವನನ್ನು ಊಟಕ್ಕೆ ಒಳಗೆ ಕರೆದರು. ಆ ಹೊತ್ತಿನಲ್ಲಿ ಮಗಳು ಮೆಲ್ಲಗೆ ಹೊರಗೆ ಬಂದು, ಸೊಂಟಕ್ಕೆ ಕೈಯಿಟ್ಟು ಮೋಟಾರಿನ ಹಿಂದಿನ ಗಾದಿಯಲ್ಲಿ ಕೂತಳು. ಒರಗಿದಳು, ಎದ್ದು ಕೂತಳು.

"ಅವ್ವಾ, ಇದು ಬೆಳಗಾವಿ ಮುಟ್ಟತೈತಿ?"

"ಮುಟ್ಟತೈತಿ" ಅನ್ನಲು ಬಾಯಿ ತೆರೆದೆ. ಸ್ಟೇಶನ್ನಿನಲ್ಲಿ ನಾನು ಹೇಳಿದ "ಬಂತು ಬಂತು" ನೆನಪಾಗಿ ಬಾಯಿ ಮುಚ್ಚಿದೆ. ಅವಳು ನನ್ನ ಮುಖವನ್ನೇ ನೋಡಿ, ಇಳಿದು ಒಳಗೆ ಹೋದಳು.

ಡ್ರೈವರ್ ಹುಣಸೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದ. ಸುಮ್ಮನೆ ಕೇಳಿದೆ, "ಇದು ಏನು ತಿಂತೈತೋ ತಮ್ಮಾ?"

"ಪೆಟ್ರೋಲ್ ಕುಡಿತೈತ್ರಿ ಆಯಿ. ನೀರೂ ಕುಡಿತೈತಿ. ಇಲ್ಲಿ ಮುಂದ ಟಾಕಿ ಐತಿ. ಎಂಜಿನ್ ಸುಡಬಾರದು ಅಂತ."

"ಎಲ್ಲಿ ನೀರು ಹಾಕಿದಿ?"

"ದಾರಿ ಹಳ್ಳದ್ದು."

"ಸೋಸಿ ಹಾಕಿದ್ಯೋ?"

ಅವನು ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. ನಾವು ಜೈನರು. ಅರಿವೆ ಎರಡು ಪದರು ಮಾಡಿ ಸೋಸದ ನೀರನ್ನು ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ಸಹ ಬಳಸುವುದಿಲ್ಲ. ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಮತ್ತೆ ನೀರಿಗೇ ಬಿಡುತ್ತೇವೆ. ಹಳ್ಳದ ನೀರು, ಅದರೊಳಗೆ ಎಷ್ಟು ಜೀವ! ಅವೆಲ್ಲ ಈ ಕಬ್ಬಿಣದ ಹೊಟ್ಟೆಯಲ್ಲಿ ಬೇಯುತ್ತವೆ, ಅದರ ಹಿಂದೆ ಕೂತು ನನ್ನ ಮಗಳು ಜೀವ ಹಡೆಯಲು ಹೋಗಬೇಕು. ಒಂದು ಕೂಸು ಕಳೆದುಕೊಂಡ ಮನೆ. ಹೊಳೆಯ ತನಕ ಹೋಗಿ ಬಂದ ನೀರಿನಲ್ಲಿ ಯಾವ ಜೀವ ಉಳಿದಿರುತ್ತದೆ ಎಂಬ ಬುದ್ಧಿ ಆಗ ಓಡಲಿಲ್ಲ. ಮುಟ್ಟಿ ನೋಡಿದೆ, ಟಾಕಿ ಆರಿ ತಣ್ಣಗಾಗಿತ್ತು. ಅಷ್ಟೇ ಸಾಕಾಯಿತು. ಒಳಗಿಂದ ಕೊಡ ತಂದೆ, ಸೋಸುವ ಅರಿವೆ ತಂದೆ.

"ಆ ನೀರು ತಗೀ ತಮ್ಮಾ. ನಮ್ಮ ಬಾವೀದು ಸೋಸಿ ಕೊಡ್ತೇನಿ."

ಅವನು ಎದ್ದು ನಿಂತ. "ಬ್ಯಾಡ್ರಿ ಆಯಿ. ನೀರ ಬಿಡೂ ತೋಟಿ ತುಕ್ಕ ಹಿಡದೈತಿ."

"ತುಕ್ಕ ಹಿಡದಿದ್ರ ಅದನ್ನೂ ನೋಡೂಣು. ತಿರುವು."

"ಮಾಲಕರು ಬೈತಾರ್ರಿ."

"ನಿಮ್ಮ ಮಾಲಕರು ನಮ್ಮ ಮನಿ ತುಪ್ಪ ಹಚ್ಕೊಂಡು ಉಣ್ಣಾಕತ್ತಾರ. ಈಗ ಯಾರಿಗೂ ಬೈಯೂದಿಲ್ಲ. ತಿರುವು."

ಅವನು ಬಗ್ಗಿ ಕೆಳಗಿನ ತೋಟಿ ತಿರುವಿದ. ನಾನು ಅರಿವೆ ಹಾಸಿದ ಕೊಡ ಹಿಡಿದೆ. ನೀರು ಕೆಂಪಗೆ ಬಂತು, ಆಮೇಲೆ ಬೆಳ್ಳಗೆ. ಅರಿವೆಯ ಮೇಲೆ ಕೊಬ್ಬರಿ ತುರಿಯಂಥದು ಎಳೆ ಎಳೆಯಾಗಿ ನಿಂತಿತು. ಇದೇನು, ಮೋಟಾರಿಗೆ ಯಾರು ಕೊಬ್ಬರಿ ಹಾಕಿದರು ಎಂದು ಬೆರಗಾದೆ. ಏನೇ ಇರಲಿ, ಅದರ ನಡುವೆ ಜೀವ ಸಿಕ್ಕಿರುತ್ತವೆ. ಅವು ಬಂದ ಹಳ್ಳಕ್ಕೆ ಹೋಗಲು ಆಗದು, ನಮ್ಮ ಬಾವಿಯಲ್ಲಾದರೂ ಬದುಕಲಿ ಎಂದು ಅರಿವೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾವಿಯ ಕಡೆ ನಡೆದೆ.

ಬಾವಿಯ ಕಟ್ಟೆ ಮುಟ್ಟಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅವನು ಓಡಿಬಂದ.

"ಆಯೀ, ಥಾಂಬಾ! ನಿಂದರ್ರಿ! ಬಾವ್ಯಾಗ ಹಾಕಬ್ಯಾಡ್ರಿ! ಅದು ತತ್ತಿ!"

ಕೈ ಅಲ್ಲೇ ನಿಂತಿತು. ತತ್ತಿ! ಕೋಳಿಯ ಮೊಟ್ಟೆ ನನ್ನ ಕೈಯಲ್ಲಿ, ನಾವು ಕುಡಿಯುವ ನೀರಿನ ಅರಿವೆಯಲ್ಲಿ! ಅರಿವೆ ಅಲ್ಲೇ ನೆಲಕ್ಕೆ ಬಿಟ್ಟೆ, ಕಟ್ಟೆಗೆ ಒರಗಿದೆ. ಗದ್ದಲ ಕೇಳಿ ಎಲ್ಲರೂ ಎಂಜಲು ಕೈಯಲ್ಲೇ ಹೊರಗೆ ಬಂದರು. ಡ್ರೈವರ್ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ.

"ಟಾಕಿ ಸೋರತೈತ್ರಿ. ಕುದಿಯೋ ನೀರಾಗ ತತ್ತಿ ಒಡದು ಹಾಕಿದ್ರ ಅದು ಬೆಂದು ತೂತಿನ್ಯಾಗ ಹೋಗಿ ಕುಂದರತೈತಿ. ಒಂದೀಟು ದಿನ ಸೋರೂದಿಲ್ಲ. ಅಷ್ಟರಾಗ ಗಾಡಿ ಮಾರಿ ಮುಗದಿರತೈತಿ. ಇವತ್ತ ಮುಂಜಾನೆ ನಾನ ಹಾಕೇನ್ರಿ."

"ಏ ಹರಾಮಖೋರ! ಯಾರ ಉಪ್ಪ ತಿಂತಿ ನೀನು?" ಎಂದು ಮಾರುವವನು ಕೂಗಿದ.

"ನಿಮ್ಮದ ತಿಂದೇನ್ರಿ ಮಾಲಕ್ರ. ಗಾಡಿ ಬಗ್ಗೆ ಬಾಯಿ ಮುಚ್ಚಿಕೊಂಡ ಇದ್ದೆ. ಖರೇ, ಇವರ ಬಾವಿ ಕೆಡೂದು ನನ್ನ ಕಡಿಂದ ನೋಡಾಕ ಆಗೂದಿಲ್ಲ."

"ಹಂಗಾರ ಇವರ ಬಾವಿ ಕಾಯ್ಕೋತ ಇಲ್ಲೇ ಬಿದ್ದಿರು! ನನ್ನ ಕಡೆ ಮತ್ತ ಬರಬ್ಯಾಡ!"

ಡ್ರೈವರ್ ಬುತ್ತಿಯ ಗಂಟು ಎತ್ತಿಕೊಂಡು, ನನಗೆ ಕೈ ಮುಗಿದು, ಸ್ಟೇಶನ್ನಿನ ದಾರಿ ಹಿಡಿದ. ಮಾರುವವನು ಸಿಟ್ಟಿನಲ್ಲಿ ಟಾಕಿಗೆ ತಾನೇ ನೀರು ತುಂಬಿ, ಹ್ಯಾಂಡಲ್ ತಿರುವಿ ಹೊರಟ. ಅಂಗಳದಿಂದ ಬಾಗಿಲ ತನಕ ನೀರಿನ ಗೆರೆ ಬಿತ್ತು. ಓಡಿಸುವ ರೂಢಿ ಇಲ್ಲದ ಅವನ ಕೈಯಲ್ಲಿ ಮೋಟಾರು ಬಾಗಿಲಲ್ಲೇ ನಿಂತುಬಿಟ್ಟಿತು. ಸಾಹೇಬರನ್ನು ಚರ್ಚಿಗೆ ಒಯ್ದ ಗಾಡಿ ನಮ್ಮ ಓಣಿಯನ್ನು ದಾಟಲಿಲ್ಲ.

"ಈಗ ಬಂತು ನೋಡು ಚೀಲದ ನಡುವಿನ ಅಕ್ಕಿ" ಅಂದರು ಯಜಮಾನರು. ನಗುತ್ತ ಅನ್ನಲಿಲ್ಲ. ಅವರ ಮುಖ ಬಾಡಿತ್ತು.

ಮಾರುವವನು ಪಡಸಾಲೆಯಲ್ಲಿ ಬೆವರು ಒರೆಸುತ್ತ ಕೂತ. ನಾವು ಒಳಗೆ ಕೂಡಿದೆವು. ಯಜಮಾನರು ಈ ಹೊಲಸು ನಮಗೆ ಬೇಡವೇ ಬೇಡ ಅಂದರು. ಮಗ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಎಷ್ಟು ಸಲ ಕೈ ತೊಳೆದರೂ ಸಮಾಧಾನವಿಲ್ಲ. ದಿನ ತುಂಬುತ್ತಿವೆ, ಬೇರೆ ಮೋಟಾರು ಎಲ್ಲಿಂದ ತರುವುದು, ತಂದರೂ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಯಾರು ಹೇಳುತ್ತಾರೆ? ಆಗ ಕೋಣೆಯಿಂದ ಮಗಳ ದನಿ ಬಂತು.

"ಅಪ್ಪಾ, ಆ ಡ್ರೈವರ್‌ನ ಕರೀರಿ."

"ಅವನ್ಯಾಕವ್ವಾ?"

"ಹ್ವಾದ ಸಲ ಎಲ್ಲಾರೂ ಬಂತು ಬಂತು ಅಂದ್ರಿ. ಬರೂದಿಲ್ಲ ಅಂತ ಒಬ್ಬರರ ಹೇಳಿದ್ರ, ನೀವು ನನ್ನ ಚಕ್ಕಡ್ಯಾಗ ಹಾಕ್ಕೊಂಡರ ಹೊಂಡತಿದ್ರಿ." ಅವಳ ದನಿ ಏರಲೇ ಇಲ್ಲ. "ಆ ಮನುಷ್ಯಾಗ ಗಾಡಿ ಸೋರೂದು ಗೊತ್ತೈತಿ. ಎಲ್ಲೀ ತನಾ ಹೋಗತೈತಿ ಅನ್ನೂದೂ ಗೊತ್ತಿರತೈತಿ."

ಮಗ ಸೈಕಲ್ ಹತ್ತಿ ಸ್ಟೇಶನ್ನಿಗೆ ಓಡಿದ. ರೈಲು ಎಂದಿನಂತೆ ತಡವಾಗಿತ್ತು. ಅವತ್ತೊಂದು ದಿನ ಅದರ ತಡ ನಮ್ಮ ಪಾಲಿಗೆ ಪುಣ್ಯವಾಯಿತು. ಡ್ರೈವರ್ ಬಂದು ಬಾಗಿಲ ಹತ್ತಿರ ನಿಂತ.

"ಈ ಗಾಡ್ಯಾಗ ನನ್ನ ಮಗಳು ಬೆಳಗಾವಿ ಮುಟ್ಟತಾಳೇನು? ಖರೇ ಹೇಳು" ಎಂದು ಯಜಮಾನರು ಕೇಳಿದರು.

ಅವನು ಬಗ್ಗಿ ಮೋಟಾರಿನ ಗಾಲಿಗಳನ್ನು ಒಂದೊಂದಾಗಿ ನೋಡಿ ಬಂದ. "ನೀರ ಕೊಡಕೋತ ಹ್ವಾದ್ರ ಮುಟ್ಟತಾರ್ರಿ. ಕೊಡದಿದ್ರ ದಾರ್ಯಾಗಿನ ದೇಸೂರ ದಾಟೂದಿಲ್ಲ. ಎಂಜಿನ್ ಗಟ್ಟಿ ಐತಿ, ಬ್ರೇಕ್ ಚಲೋ ಅದಾವ. ಎಡಗಡೆ ಹಿಂದಿನ ಗಾಲಿ ನಾ ನಂಬೂದಿಲ್ಲ. ಅದನ್ನ ಬದಲೀ ಮಾಡ್ರಿ."

ಪಡಸಾಲೆಯಲ್ಲಿ ಕೂತವನಿಗೆ ಮೋಟಾರು ಹಿಂದಕ್ಕೆ ಒಯ್ಯುವ ದಾರಿ ಇರಲಿಲ್ಲ, ಯಜಮಾನರು ಹೇಳಿದ ಬೆಲೆಗೆ ಬಿಟ್ಟು ಹೋದ. ಗಾಲಿ ಬದಲಾಯಿಸಿದೆವು. ಡ್ರೈವರ್ ನಮ್ಮಲ್ಲೇ ಉಳಿದ. ಕುದಿಯುವ ನೀರು ಹೊಯ್ದು ಹೊಯ್ದು ಆ ಟಾಕಿಯನ್ನು ತೊಳೆಸಿದೆ, ಅವನ ಕೈಗೆ ಬೊಬ್ಬೆ ಬಂತು, ನನ್ನ ಮನಸ್ಸು ಮಾತ್ರ ತಿಳಿಯಾಗಲಿಲ್ಲ. ಕಲಾಯಿ ಮಾಡುವವನು ಬಂದು ಎರಡು ತೂತು ಬೆಸೆದ. ಮೂರನೆಯದು ಒಳಗೆಲ್ಲೋ ಇತ್ತು, ಅವನ ಕೈ ಹೋಗಲಿಲ್ಲ. ಹಾಗಾಗಿ ಬೆಳಗಾವಿಯ ದಾರಿಗುಂಟ, ಗಣೇಬೈಲಿನಲ್ಲಿ ಪರಿಚಯದವರ ಮನೆಯಲ್ಲೊಂದು, ದೇಸೂರಿನಲ್ಲಿ ರಸ್ತೆಯ ಬದಿಯ ಒಬ್ಬ ಮುದುಕಿಯ ಹತ್ತಿರ ಒಂದು ಕೊಡ ಇರಿಸಿದೆವು. ಅದರಾಚೆ ಮಚ್ಛೆಯ ಹತ್ತಿರ ಬೇಕಾದೀತೆಂದು ಮುಚ್ಚಳದ ತಾಮ್ರದ ಕೊಡವೊಂದು ಮೋಟಾರಿನಲ್ಲೇ. ಎಲ್ಲ ಸೋಸಿದ ನೀರು. ಡ್ರೈವರ್ ಎರಡು ದಿನಕ್ಕೊಮ್ಮೆ ಹೋಗಿ ಹೊಸ ನೀರು ತುಂಬಿ ಬರುತ್ತಿದ್ದ. ಓಣಿಯವರು, "ಜೈನರ ಮೋಟಾರು ಸೋಸಿದ ನೀರ ಕುಡಿತೈತಿ, ಹೊತ್ತು ಮುಳಗಿದ ಮ್ಯಾಲ ಪೆಟ್ರೋಲೂ ಮುಟ್ಟೂದಿಲ್ಲ" ಎಂದು ಚಾಷ್ಟಿ ಮಾಡಿದರು. ಮಾಡಲಿ. ನನಗೆ ನಗು ಬರುತ್ತಿರಲಿಲ್ಲ.

ಬಿರುಬಿಸಿಲಿನ ದಿನಗಳು. ಒಂದು ಮುಂಜಾನೆ ನಾನು ಬಸದಿಗೆ ಹೋಗಿ ಬರುವುದರೊಳಗೆ ಮಗಳು ಕಂಬ ಹಿಡಿದು ನಿಂತಿದ್ದಳು. ಮೋಟಾರಿನಲ್ಲಿ ಭಾರ ಕಡಿಮೆ ಇರಲಿ ಎಂದು ಡ್ರೈವರ್ ಮೊದಲೇ ಹೇಳಿದ್ದ. ನಾನೂ ಮಗಳೂ ಹೊರಟೆವು, ಉಳಿದವರು ರೈಲಿಗೆ ಬರುವುದೆಂದಾಯಿತು. ಅವಳ ತಲೆ ನನ್ನ ತೊಡೆಯ ಮೇಲೆ. ಗಣೇಬೈಲಿನಲ್ಲಿ ನೀರು ಹೊಯ್ದು ಮುಂದೆ ಹೋದೆವು. ರಸ್ತೆ ಏರುತ್ತಿದ್ದಂತೆ ಮುಂದಿನಿಂದ ಹಬೆ ಏಳತೊಡಗಿತು.

"ಇನ್ನೂ ಎಷ್ಟ್ ದೂರ ಅಣ್ಣಾ?" ಮಗಳು ಹಲ್ಲು ಕಚ್ಚಿ ಕೇಳಿದಳು.

"ಭಾಳ ದೂರ ಐತಿ ತಂಗೀ. ಅರ್ಧಾನೂ ಬಂದಿಲ್ಲ. ದೇಸೂರಾಗ ನಿಲ್ಲತೈತಿ, ನೀರ ಹಾಕತೇನಿ, ಮತ್ತ ಹೊಂಡತೈತಿ."

ಹೆದರುತ್ತಾಳೆಂದು ನಾನು ಅವನಿಗೆ ಬೈಯಬೇಕೆಂದಿದ್ದೆ. ಅವಳು ಕಣ್ಣು ಮುಚ್ಚಿ ಉಸಿರು ನಿಧಾನ ಮಾಡಿಕೊಂಡಳು. ನನ್ನ ಕೈ ಹಿಂಡುತ್ತಿದ್ದ ಅವಳ ಬೆರಳು ಸ್ವಲ್ಪ ಸಡಿಲಾದವು.

ದೇಸೂರಿನಲ್ಲಿ ಕೊಡ ಬರಿದಾಗಿತ್ತು. "ಯಾರವೋ ಎತ್ತು ಬಿಸಲಾಗ ಬಾಯಿ ಬಿಟ್ಟಿದ್ದೂವು ಯವ್ವಾ, ಕುಡಿಸಿದೆ" ಅಂದಳು ಮುದುಕಿ. ನೀರಡಿಸಿದ ಎತ್ತಿಗೆ ನೀರು ಕೊಟ್ಟವಳಿಗೆ ನಾನು ಏನನ್ನಲಿ? ಮೋಟಾರು ಬುಸುಗುಡುತ್ತಿತ್ತು, ಮಗಳು ಬಾಯಿಬಿಟ್ಟು ಕೂಗಿದಳು. ಮಚ್ಛೆಗೆಂದು ಇಟ್ಟ ಕೊಡವನ್ನು ಇಲ್ಲೇ ಸುರಿದರೆ ಮುಂದೆ ಏನು? ಡ್ರೈವರ್ ಬರಿದಾದ ಕೊಡ ಹಿಡಿದು ಕೆರೆಗೆ ಓಡಿ ತುಂಬಿ ತಂದ. ಹಸಿರು ನೀರು.

"ಹಂಗ ಸುರಿ! ಸೋಸಬ್ಯಾಡ!" ನಾನೇ ಕೂಗಿದೆ. ನಾನೇ.

ಅವನು ಆಗಲೇ ಪಟಕಾ ಬಿಚ್ಚಿ ಎರಡು ಪದರು ಮಾಡಿ ಟಾಕಿಯ ಬಾಯಿಗೆ ಹಾಸಿದ್ದ. "ಒಂದ ಮಿಂಟು ಆಯಿ. ಕಸಾ ಹ್ವಾದ್ರ ಒಳಗ ನಳಗಿ ಕಟ್ಟತಾವ." ಸುರಿದು ಮುಗಿಸಿ, ಪಟಕಾದಲ್ಲಿ ಉಳಿದದ್ದನ್ನು ಬೀಳಿಸದೆ ಹಿಡಿದು ಮುದುಕಿಯ ಕೈಗೆ ಕೊಟ್ಟ. "ಕೆರ್ಯಾಗ ಜಾಡಿಸಿ ಬಿಡು ಆಯಿ. ಪಟಕಾ ನಾಳೆ ಒಯ್ಯತೇನಿ."

ಮಚ್ಛೆ ದಾಟಿದೆವು. ಪೀರನವಾಡಿ ದಾಟಿದೆವು. ಎಲ್ಲಿ ನಿಲ್ಲುತ್ತದೋ ಎಂದು ನಾನು ಪ್ರತಿ ಮರವನ್ನೂ ನೋಡುತ್ತಿದ್ದೆ. ದವಾಖಾನೆಯ ಬಾಗಿಲಲ್ಲಿ ಮೋಟಾರು ನಿಂತಾಗ ಅದು ತಾನಾಗಿ ನಿಂತಿತೋ, ಅವನು ನಿಲ್ಲಿಸಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಳಗೆ ಒಯ್ದರು. ಬಾಗಿಲು ಹಾಕಿದರು. ಕಟ್ಟೆಯ ಮೇಲೆ ನಾನು, ಕೆಳಗೆ ಬರಿದಲೆಯಲ್ಲಿ ಅವನು. ಆಮೇಲೆ ಆ ಅಳು.

ಹೊತ್ತು ಇಳಿಯುವಾಗ ಯಜಮಾನರು, ಮಗ, ಸೊಸೆ, ಬೀಡಿಯಿಂದ ಬಂದಿದ್ದ ಅಳಿಯ, ಎಲ್ಲರೂ ರೈಲಿಳಿದು ಟಾಂಗಾದಲ್ಲಿ ಬಂದರು. "ಗುಂಜಿ ಬಿಟ್ಟೈತಿ, ಗುಂಜಿ ಬಿಟ್ಟೈತಿ ಅಂತ ಕುಂದರಿಸಿದ್ರು ನೋಡು..." ಎಂದು ಬೈಯುತ್ತಲೇ ಇಳಿದ ಯಜಮಾನರು ನನ್ನ ಮುಖ ನೋಡಿ ಅಲ್ಲೇ ನಿಂತರು. ಅವರು ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಹರಿಯಲು ಬಿಟ್ಟರು. ಅಳಿಯ ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋದ.

ಸೂರ್ಯ ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಸೊಸೆ ಅವಸರ ಮಾಡಿ ದವಾಖಾನೆಯ ಅಂಗಳದ ಬೇವಿನ ಕೆಳಗೆ, ಮಗಳ ಕಿಟಕಿ ಕಾಣುವಲ್ಲಿ ಡಬ್ಬಿ ಬಿಚ್ಚಿದಳು. ಅನ್ನ, ತೊವ್ವೆ, ಶೇಂಗಾ ಚಟ್ನಿ, ಸಿಹಿಗೆ ಬೆಲ್ಲ ತುಪ್ಪ. ಮನೆಯಲ್ಲಿ ಗಂಡಸರ ಊಟವಾದ ಮೇಲೆ ನಮ್ಮದು. ಅವತ್ತು ಯಜಮಾನರು, "ಹೊತ್ತಿಲ್ಲ, ಎಲ್ಲಾರೂ ಕೂಡೇ ಕುಂದರ್ರಿ" ಅಂದರು. ದೂರ ಹೋಗಿ ಕೂತಿದ್ದ ಡ್ರೈವರನನ್ನೂ ಕರೆದು ಎಲೆ ಹಾಕಿಸಿದರು. ಕಿಟಕಿಯ ಒಳಗೆ ಮಗಳು ಬಿಸಿ ಗಂಜಿಯ ಬಟ್ಟಲು ಎತ್ತಿ ನಮಗೆ ತೋರಿಸಿದಳು, ನಾನೂ ಉಣ್ಣುತ್ತಿದ್ದೇನೆ ಅನ್ನುವಂತೆ.

ಕೂತ ಮೇಲೆ ನೋಡಿದರೆ ನೀರೇ ತಂದಿರಲಿಲ್ಲ. ಸೊಸೆ ತುಟಿ ಕಚ್ಚಿಕೊಂಡಳು. ಬಿಸಿಲು ಆಗಲೇ ಬೇವಿನ ತುದಿಗೆ ಏರಿತ್ತು.

"ಗಾಡೀದು ಉಳದೈತ್ರಿ ಆಯಿ" ಎಂದು ಡ್ರೈವರ್ ಎದ್ದು, ಮೋಟಾರಿನಿಂದ ಮುಚ್ಚಳ ಹಾಕಿದ್ದ ತಾಮ್ರದ ಕೊಡ ತಂದು ನನ್ನ ಮುಂದಿಟ್ಟ. "ಮಚ್ಛೆದಾಗ ಗಾಡಿ ಬೇಡಲಿಲ್ಲ. ನಿಮ್ಮ ಬಾವೀದ, ಸೋಸಿದ್ದ."

ಎಲ್ಲರ ಲೋಟಕ್ಕೂ ನಾನು ಹಾಕಿದೆ. ಬಿಸಿಲು ಹೋಗುವುದರೊಳಗೆ ಎಲೆ ಬರಿದಾದವು.